ಆದ್ಯಾಳ ಬ್ಯಾಗಿನ ಮೂರನೆಯ ಪುಸ್ತಕ

ಪೆಂಡಲ್ ಹಿಲ್, ಶುಕ್ರವಾರ

ಸಂಧ್ಯಾರಾಣಿಯವರೇ,

ನೀವು ಸುಘೋಷರನ್ನು ಮದುವೆಯಾದ ಮೇಲೆ ಆದ್ಯಾ ರಜೆಗೆಂದು ಕ್ರೇಗಿಬರ್ನ್‌ಗೆ, ತನ್ನ ಅಪ್ಪನ ಮನೆಗೆ, ಬರುತ್ತಿರುವುದು ಇದೇ ಮೊದಲು. ಅವಳ ಬ್ಯಾಗನ್ನು ಬೆಳಗಿನಿಂದ ನಾಲ್ಕು ಸಲ ಬಿಚ್ಚಿ ತುಂಬಿದ್ದೇನೆ. ಒಳಗೆ ಬೇಸ್‌ಬಾಲಿನ ಮೂರು ಚಿತ್ರಪುಸ್ತಕಗಳಿವೆ. ಸ್ಕೂಲಿನ ಟೀಮಿಗೆ ಸೇರಿದಾಗಿನಿಂದ ಅವಳಿಗೆ ಬೇರೆ ಕಥೆ ಬೇಡ.

ಪುಸ್ತಕ ಇಂಗ್ಲಿಷಿನದಾದರೂ ಕಥೆ ಕನ್ನಡದಲ್ಲೇ ಹೇಳಿ. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಾಳೆ, ಪರವಾಗಿಲ್ಲ. ಆಟದ ನಿಯಮ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. "ನೋ ಅಮ್ಮಾ, ದಿಸ್ ಈಸ್ ನಾಟ್ ಕ್ರಿಕೆಟ್" ಎಂದು ನನಗೂ ಅವಳೇ ಕಲಿಸಿದ್ದು. ಕಥೆಯ ಹುಡುಗಿ ಔಟಾಗಿ ಅಳುವ ಪುಟವನ್ನು ಬೇಗ ತಿರುಗಿಸಬೇಡಿ. ಚಿತ್ರದಲ್ಲಿರುವ ಅವಳ ಬೆನ್ನು ಸವರದೆ ಆದ್ಯಾ ಮುಂದೆ ಹೋಗುವುದಿಲ್ಲ.

ಮೂರನೆಯ ಪುಸ್ತಕದಲ್ಲಿ ಆ ಹುಡುಗಿಯ ಅಮ್ಮ ಪ್ರತಿ ಪುಟದಲ್ಲೂ ಬೇಲಿಯಾಚೆ ನಿಂತು ಚಪ್ಪಾಳೆ ತಟ್ಟುತ್ತಾಳೆ. ಅದನ್ನು ಕಳಿಸುವುದು ಬೇಡವೆಂದು ತೆಗೆದಿಟ್ಟಿದ್ದೆ. ಆದರೆ ಆದ್ಯಾಗೆ ಎಲ್ಲಕ್ಕಿಂತ ಇಷ್ಟ ಅದೇ. ಮತ್ತೆ ಹಾಕಿದೆ.

ಆ ಅಮ್ಮ ಚಪ್ಪಾಳೆ ತಟ್ಟಿದಾಗಲೆಲ್ಲ ಓದುವವರೂ ತಟ್ಟಬೇಕು, ಅದು ನಮ್ಮ ರೂಢಿ. ಆಗ ಅವಳು ಮೈಮರೆತು ನಿಮ್ಮನ್ನು ಅಮ್ಮಾ ಎಂದರೆ ದಯವಿಟ್ಟು ತಿದ್ದಬೇಡಿ.

ನನಗೆ ಮಾತ್ರ ಹೇಳಬೇಡಿ.

ಅಹಲ್ಯಾ