ನಾಲ್ಕನೇ ಜ್ವರ ಏಳುವುದರೊಳಗೆ ಕೋಟೆ

ಜೂನ್ 4, ಬುಧವಾರ

ಹುಳಕ್ಕೆ ಎರಡನೇ ಸಲದ ಹಿಪ್ಪುನೇರಳೆ ಸೊಪ್ಪು ಹಾಕಿ, ಕೈ ತೊಳೆದು ಕೂತೆ. ಮರಿ ಸಾಕಿ ಕೊಡುವ ಚಾಕಿಯಿಂದ ರೇಷ್ಮೆ ಹುಳ ಮೊನ್ನೆ ಬಂದವು. ಪೊರೆ ಬಿಡೋಕೆ ಮಲಗುವ ನಾಲ್ಕು ಜ್ವರದಲ್ಲಿ ಎರಡು ಚಾಕಿಯಲ್ಲೇ ಮುಗಿಸಿ ಬಂದಿವೆ, ಇನ್ನೆರಡು ನಮ್ಮ ಹುಳುಮನೆಯಲ್ಲಿ. ಚುರುಕಾಗಿವೆ. ಹೋದ ಬೆಳೆ ಅರ್ಧ ಕೆಟ್ಟಿತ್ತಲ್ಲ, ಈ ಸಲ ಮೈಯೆಲ್ಲ ಕಣ್ಣು ಮಾಡಿಕೊಂಡಿದ್ದೇನೆ.

ಅಷ್ಟರಲ್ಲಿ ಬಾವ ಬಂದರು. ನನ್ನ ಗಂಡನ ಅಣ್ಣ ದೊಡ್ಡಹನುಮಯ್ಯ. ಇವರು ತೀರಿಕೊಂಡ ಮೇಲೆ ಈ ಮನೆಗೆ ತಾವೇ ಯಜಮಾನರು ಅಂತ ತಾವೇ ತಿಳಿದುಕೊಂಡಿರುವವರು. ಜಗಲಿಯಲ್ಲಿ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

"ಅಂಕಮ್ಮ, ನಿನ್ ಕೈ ನಡುಗ್ತೈತೆ. ಸೊಪ್ಪು ಒಂದ್ ಕಡೆ ಗುಡ್ಡೆ, ಒಂದ್ ಕಡೆ ಬಯಲು. ಹೋದ್ ಬೆಳೆ ಕೆಟ್ಟಿದ್ದು ಅದ್ಕೇಯ. ಹುಳುಮನೆ ಬೀಗದ ಕೈ ನಯನಾಗೆ ಕೊಟ್ಬುಡು."

ನಯನಾ ನನ್ನ ಸೊಸೆ. ಒಳಗಿನಿಂದಲೇ ಕೂಗಿದಳು— "ದೊಡ್ಮಾವ, ನಾನೇನ್ ಕೇಳಿದ್ನಾ?"

ಮಗ ಮನು ಆಗ ತಾನೆ ಅಟ್ಟ ಗುಡಿಸಿ ಅವನ ಹಳೇ ಟೀವಿ ಗೇಮ್ ಕೆಳಗಿಳಿಸಿದ್ದ. ಜೊತೆಗೆ ಆಟದ ಹಳದಿ ಕ್ಯಾಸೆಟ್ಟು, ಮೇಲಿನ ಚೀಟಿ ಅರ್ಧ ಹರಿದಿದೆ. ಬಾವ ಅದನ್ನು ಎತ್ತಿ ನೋಡಿ ಮೀಸೆ ತಿರುವಿದರು. "ಲೇ ಮನು, ಇದ್ನ ಕೋಟೆ ದಾಟಿ ಕೊನೇವರ್ಗೂ ಆಡಿರೋನು ಈ ಮನೇಲಿ ನಾನೊಬ್ನೇ ಕಣ್ಲಾ. ಕೈ ಸ್ಥಿರ ಇರ್ಬೇಕು ಅದ್ಕೆ."

ನನಗೆಲ್ಲಿಂದ ಬಂತೋ. "ಈ ನಡುಗೋ ಕೈಲೇ ದಾಟಿದ್ರೆ?" ಅಂದೆ.

ನಕ್ಕರು. "ನಾಲ್ಕನೇ ಜ್ವರ ಏಳೋದ್ರೊಳಗೆ ದಾಟು. ಬೀಗದ ಕೈ ನಿಂದೇಯ. ಇಲ್ದಿದ್ರೆ ನಯನಾದು."

"ಆಗ್ಲಿ" ಅಂದುಬಿಟ್ಟೆ.

ಗುಡೇಮಾರನಹಳ್ಳಿಗೆ, ತಂಗಿಗೆ ಕಾಗದ ಬರೆಯೋಣ ಅಂತ ಪೆನ್ನು ಹಿಡಿದೆ. ಬೇಡ. ಓದಿ ಬಿದ್ದು ಬಿದ್ದು ನಗುತ್ತಾಳೆ, ಆಮೇಲೆ ಬಸ್ಸು ಹತ್ತಿ ಬುದ್ಧಿ ಹೇಳೋಕೆ ಬರುತ್ತಾಳೆ. ಇಲ್ಲೇ ಬರೆದಿಡುತ್ತೇನೆ.

ಜೂನ್ 5, ಮಧ್ಯಾಹ್ನ

ಈ ಆಟ ಒಂದು ಸಿನಿಮಾದ್ದು, ಆ ಸಿನಿಮಾ ನಾನು ನೋಡಿದ್ದೇನೆ! ಆಟ ಶುರುವಾದ ಮೇಲೆ ಗೊತ್ತಾಯಿತು. ಇಂಗ್ಲಿಷ್ ಸಿನಿಮಾ, ಚನ್ನಪಟ್ಟಣದಲ್ಲಿ ಇವರ ಜೊತೆ ನೋಡಿದ್ದು. ಮಾತು ಒಂದೂ ಅರ್ಥವಾಗಿರಲಿಲ್ಲ, ಆದರೂ ಸೆರಗೆಲ್ಲ ಒದ್ದೆ. ಅಕ್ಕನನ್ನು ಕೋಟೆಯಲ್ಲಿ ಕೂಡಿ ಹಾಕಿರುತ್ತಾರೆ. ತಮ್ಮ ಕೊಡಲಿ ಹಿಡಿದು ಬಿಡಿಸೋಕೆ ಹೊರಡುತ್ತಾನೆ. ಆರಡಿ ಆಳು, ಕಣ್ಣು ಕೆಂಡದ ಹಾಗೆ.

ಇಲ್ಲಿ ಹೆಬ್ಬೆರಳಷ್ಟು ಇದ್ದಾನೆ. ಮುಖವೇ ಇಲ್ಲ, ಕೆಂಪು ಅಂಗಿ ಮಾತ್ರ. ಸಿನಿಮಾದಲ್ಲಿ ಅಕ್ಕನನ್ನು ನೆನೆದು ಅತ್ತಿದ್ದ. ಇಲ್ಲಿ ಹಾರೋಕೊಂದು ಬಟನ್ನು, ಹೊಡೆಯೋಕೊಂದು ಬಟನ್ನು. ಅಳೋಕೆ ಬಟನ್ ಇಲ್ಲ. ಒಳ್ಳೇದೇ ಆಯಿತು.

ನನ್ನ ಹೆಬ್ಬೆರಳು ನಡುಗಿದರೆ ಅವನೂ ನಡುಗುತ್ತಾನೆ. ಒಂದು ಹೆಜ್ಜೆ ಮುಂದೆ, ಒಂದು ಹಿಂದೆ. ಮೊದಲ ಹಂತದ ಸಂತೆಬೀದಿಯಲ್ಲೇ ಆಟ ಕೊಡುವ ಮೂರೂ ಜೀವ ಹೋದವು. ಎದುರಿಗೆ ಬಂದವನು ಕಳ್ಳನೋ, ತರಕಾರಿ ಮಾರುವವನೋ ಅಂತ ನೋಡುತ್ತಾ ನಿಂತಿದ್ದೆ. ಕಳ್ಳನೇ.

ಜೂನ್ 6, ಶುಕ್ರವಾರ

ಮೂರನೇ ಜ್ವರ. ಹುಳವೆಲ್ಲ ತಲೆ ಎತ್ತಿಕೊಂಡು ಮಲಗಿವೆ, ಪೊರೆ ಬಿಡುವವರೆಗೆ ತಿನ್ನುವುದಿಲ್ಲ. ಸುಣ್ಣದ ಪುಡಿ ಉದುರಿಸಿ, ಬಾಗಿಲು ಹಾಕಿ ಬಂದೆ. ರೇಷ್ಮೆ ಸಾಕುವವರಿಗೆ ಬಿಡುವು ಅಂದರೆ ಇದೇ. ಬೆಳಿಗ್ಗೆಯಿಂದ ಆಟ.

ಸಂತೆಬೀದಿ ದಾಟಿದೆ. ಸೇತುವೆ ಬಂತು. ಸಿನಿಮಾದಲ್ಲಿ ಅವನು ಸೇತುವೆಯಿಂದ ಹೊಳೆಗೆ ಹಾರಿ, ಈಜಿಕೊಂಡು ಕೋಟೆ ಹಿಂದಕ್ಕೆ ಹೋಗುತ್ತಾನೆ, ಚೆನ್ನಾಗಿ ನೆನಪಿದೆ. ಹಾರಿಸಿದೆ. ಸತ್ತ. ಸರಿಯಾದ ಜಾಗದಲ್ಲಿ ಹಾರಲಿಲ್ಲವೇನೋ ಅಂತ ಇನ್ನೊಂದು ಕಡೆಯಿಂದ ಹಾರಿಸಿದೆ. ಸತ್ತ. ಕಡೇ ಜೀವವನ್ನೂ ಹೊಳೆಗೇ ಹಾಕಿದೆ.

ಮನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅವ್ವೋ, ಸಿನಿಮಾ ಬುಟ್ಟಾಕವ್ವ. ಈ ಹೊಳೇಲಿ ಈಜೋಕಾಗಲ್ಲ. ನೆಟ್ಟಗೆ ನಡ್ಕೊಂಡೋಗು!"

"ಹಂಗಂತ ಅದ್ರ ಮೇಲೆ ಬರ್ದಿರ್ಬೇಕು ತಾನೆ?" ಅಂದೆ.

ನಯನಾ ಎದ್ದುಹೋಗಿ ಅಕ್ಕಿ ಅಳೆಯುವ ಸೇರು ತಂದು ನನ್ನ ಮುಂದೆ ಬೋರಲು ಹಾಕಿದಳು. "ಇದ್ರ ಮೇಲೆ ಮಣಿಕಟ್ಟು ಊರಿ ಅತ್ತೆ, ಒಸಿ ನಿಲ್ತೈತೆ." ನಿಂತಿತು. ಪೂರ್ತಿಯಲ್ಲ, ಒಸಿ.

"ನಿಂಗ್ ಬೀಗದ ಕೈ ಬೇಡ್ವಾ?" ಅಂತ ಕೇಳಿದೆ.

"ಕಟ್ಟಿಗೆ, ನೀರು, ಹಾಲು, ತೋಟ... ಅದೊಂದು ಬಾಕಿ ಇತ್ತು ನೋಡಿ ನಂಗೆ" ಅಂದಳು.

ಜೂನ್ 11, ಬುಧವಾರ

ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ. ಹುಳದ ತಿನ್ನಾಟ ಜಾಸ್ತಿ. ಇವತ್ತು ಸಂಜೆಯಿಂದ ಒಂದೊಂದೇ ತಲೆ ಎತ್ತುತ್ತಿವೆ. ನಾಲ್ಕನೇ ಜ್ವರಕ್ಕೆ ಕೂರುತ್ತಿವೆ.

ಬಾವ ದಾರಿಯಲ್ಲಿ ನಿಂತು ಕೂಗಿದರು— "ಏನಮ್ಮ, ಹೊಳೇಲಿ ನೀರು ತಣ್ಣಗೈತಾ?" ಮನು ಹೇಳಿದ್ದಾನೆ, ಕತ್ತೆ.

"ನೀವೂ ಒಂದ್ಸಲ ಇಳಿದು ನೋಡಿ ಬಾವ" ಅಂದೆ.

ಜೂನ್ 12, ಗುರುವಾರ, ಬೆಳಿಗ್ಗೆ

ಹುಳ ಪೂರ್ತಿ ಮಲಗಿವೆ. ನಾನು ಟೀವಿ ಮುಂದೆ.

ಸೇತುವೆ ದಾಟಿದೆ!! ನೆಟ್ಟಗೆ ನಡೆದುಕೊಂಡು. ಆಮೇಲೆ ಹಡಗು. ಆಮೇಲೆ ಕೋಟೆ ಬಾಗಿಲು ಕಂಡಿತು, ಬೂದು ಬಣ್ಣ, ನಮ್ಮ ರಾಮನಗರದ ಬಂಡೆಗಳ ಹಾಗೇ. ಕರೆಂಟ್ ಹೋಯಿತು. ಈ ಆಟದಲ್ಲಿ ಆಡಿದಷ್ಟನ್ನು ಎತ್ತಿಟ್ಟುಕೊಳ್ಳುವ ಹಾಗಿಲ್ಲ. ಕರೆಂಟ್ ಹೋದರೆ ಮತ್ತೆ ಸಂತೆಬೀದಿಯಿಂದಲೇ.

ಬೈದೆ. ಯಾರನ್ನು ಅಂತಲ್ಲ. ಎಲ್ಲರನ್ನೂ.

ಅದೇ ದಿನ, ಸಂಜೆ

ಮತ್ತೆ ಹೋಯಿತು. ಹಡಗಿನಲ್ಲಿ. ಈ ಸಲ ಕರೆಂಟಲ್ಲ, ನನ್ನ ಕೈ. ಸುಳ್ಳು ಯಾಕೆ ಬರೆಯಲಿ. ಸೇರಿನ ಮೇಲಿಂದ ಜಾರಿತು. ಹೆಬ್ಬೆರಳು ಊದಿದೆ. ಬಿಡಲ್ಲ.

ಜೂನ್ 13, ಶುಕ್ರವಾರ, ಹನ್ನೊಂದು ಗಂಟೆ ಇರಬೇಕು

ಹುಳುಮನೆಯಲ್ಲಿ ಗೋಣಿಚೀಲದ ಮೇಲೆ ಕೂತು ಬರೆಯುತ್ತಿದ್ದೇನೆ. ಚಿಲಕ ಒಳಗಿನಿಂದ ಹಾಕಿದೆ. ಆದದ್ದನ್ನು ಆದ ಹಾಗೆ ಬರೆಯಬೇಕು.

ಬೆಳಿಗ್ಗೆ ಕೋಟೆಯೊಳಗೆ ಹೋದೆ. ಬಾವ ಬಂದು ಪಕ್ಕದಲ್ಲೇ ಚಕ್ಕಂಬಕ್ಕಲ ಹಾಕಿಕೊಂಡು ಕೂತಿದ್ದರು. ಕೊನೆಯ ಶತ್ರು, ಒಬ್ಬ ಬೋಳುತಲೆಯವನು, ಎದುರಿಗೆ. ಅವನ ಹಿಂದೆ ಮೂಲೆಯಲ್ಲಿ ಅಕ್ಕ, ಒಂದು ಹಳದಿ ಚುಕ್ಕೆ. ನನಗೆ ಉಳಿದಿದ್ದು ಒಂದೇ ಜೀವ.

ಆಗ ನಯನಾ ಬಾಗಿಲಿಗೆ ಬಂದಳು. "ಅತ್ತೆ, ಹುಳ ಎದ್ದವೆ. ಎಲ್ಲವೂ. ಹಸ್ಕೊಂಡು ತಡಕಾಡ್ತಾವೆ."

ನಿಲ್ಲಿಸುವ ಬಟನ್ ಒತ್ತಿ ಎದ್ದೆ.

"ಎದ್ರೆ ಸೋತೆ ಕಣಮ್ಮ" ಅಂದರು ಬಾವ. "ನಯನಾ ಹಾಕ್ತಾಳೆ, ಕೂತ್ಕೊ."

"ಜ್ವರ ಎದ್ದಾಗ ಮೊದಲ್ನೇ ಸೊಪ್ಪು ನಾನೇ ಹಾಕದು" ಅಂದೆ. ಮದುವೆಯಾಗಿ ಬಂದಾಗಿನಿಂದ ಹಾಗೇ. ಬೇರೆ ಥರ ಕೈ ಬರುವುದಿಲ್ಲ.

ಕೈ ತೊಳೆದು ಒಳಗೆ ಹೋದೆ. ಎಳೇ ಸೊಪ್ಪು ಹಾಸಿದೆ. ಗುಡ್ಡೆ ಬಿತ್ತು, ಹೌದು. ಬಿದ್ದಲ್ಲಿ ಎಡಗೈಯಿಂದ ಬಿಡಿಸಿದೆ. ಮತ್ತೆ ಬಿತ್ತು, ಮತ್ತೆ ಬಿಡಿಸಿದೆ. ನಾಲ್ಕನೇ ತಟ್ಟೆಗೆ ಬರುವಾಗ ತಲೆಯ ಮೇಲಿನ ಫ್ಯಾನು ನಿಂತಿತು. ಕರೆಂಟ್.

ಜಗಲಿಯಿಂದ ಬಾವನ ಗಂಟಲು— "ಹೋಯ್ತು! ಕೋಟೆನೂ ಹೋಯ್ತು, ಅಕ್ಕನೂ ಹೋದ್ಲು! ಬೀಗದ ಕೈ ತತ್ತಾ ಅಂಕಮ್ಮ!"

ಸೊಪ್ಪು ಕೈಯಲ್ಲೇ ಇತ್ತು. ಆಗ ಹೊಳೆಯಿತು, ಎಂಥ ಪೆದ್ದಿ ನಾನು. ಹೊಳೆಗೆ ಹಾರಿದ್ದಕ್ಕಿಂತ ದೊಡ್ಡ ಪೆದ್ದುತನ ಜಗಲಿಯಲ್ಲಿ ಆಗಿತ್ತು, "ಆಗ್ಲಿ" ಅಂದಾಗ. ನನ್ನದೇ ಹುಳುಮನೆಗೆ ನಾನು ಯಾಕೆ ಪಂದ್ಯ ಕಟ್ಟಿದೆ? ಬಾವ ಯಾವ ಪಂದ್ಯ ಗೆದ್ದು ಯಜಮಾನರಾದರು?

ಹೊಸಲಿಗೆ ಬಂದೆ. ಅವರು ಅಲ್ಲೇ ಕೈ ಚಾಚಿ ನಿಂತಿದ್ದರು.

"ಕೊಡಲ್ಲ" ಅಂದೆ.

"ಮಾತ್ ತಪ್ತೀಯಾ?"

"ತಪ್ತೀನಿ ಬಾವ. ನಮ್ಮೂರು ವಿರೂಪಾಕ್ಷಿಪುರಕ್ಕೆಲ್ಲ ಸಾರ್ಕೊಂಡ್ ಬನ್ನಿ."

"ಕೈ ನಡುಗ್ತೈತಲ್ಲಮ್ಮ..."

"ನಡುಗ್ತೈತೆ. ನಡುಗೋ ಕೈಲೇ ಹಾಕ್ತೀನಿ. ಹುಳ ತಿಂತಾವೆ, ಬಂದು ನೋಡಿ. ಬ್ಯಾಡ, ಬರ್ಬೇಡಿ, ಬಾಯಲ್ಲಿ ಹೊಗೆಸೊಪ್ಪು ಮಡಗಿದ್ದೀರ. ಅದ್ರ ಗಾಳಿ ತಾಗಿದ್ರೆ ಹುಳ ಸಾಯ್ತಾವೆ."

ಒಂದು ಕಾಲು ಒಳಗಿಟ್ಟಿದ್ದರು. ಹಿಂದಕ್ಕೆ ತೆಗೆದರು. ನಯನಾ ಬಿಂದಿಗೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದಳು. "ಬಾಯಿ ಮುಕ್ಕಳಿಸ್ಕೊಳಿ ದೊಡ್ಮಾವ" ಅಂದಳು. ನಗಲಿಲ್ಲ. ನಾನೂ ನಗಲಿಲ್ಲ. ಬಾಗಿಲು ಹಾಕಿದೆ.

ಬೀಗದ ಕೈ ಸೊಂಟದಲ್ಲಿದೆ. ಹುಳ ತಿನ್ನುತ್ತಿವೆ, ಗುಡ್ಡೆ ಇದ್ದಲ್ಲೂ, ಬಯಲಿದ್ದಲ್ಲೂ. ಬಾವ ಹೋಗಿಲ್ಲ, ಬಾಗಿಲು ತಟ್ಟುತ್ತಿದ್ದಾರೆ. "ಮುಕ್ಕಳಿಸ್ದೆ ಕಣಮ್ಮ, ತೆಗಿ" ಅನ್ನುತ್ತಿದ್ದಾರೆ. ತಟ್ಟಲಿ. ಕೆಳಗಿನ ತಟ್ಟೆ ಬಾಕಿ ಇದೆ, ಅದಕ್ಕೆ ಹಾಕಿ, ಕೈ ಒಸಿ ಸುಧಾರಿಸಿಕೊಂಡು, ಆಮೇಲೆ ಬೇಕಾದರೆ ಬಾಗಿಲು ತೆಗೆಯುತ್ತೇನೆ.