ತಾಳಿಕೋಟೆಯಲ್ಲಿ ರೊಟ್ಟಿಪೆಟ್ಟಿಗೆಗಳು ನಿಂತಾಗ

ತಾಳಿಕೋಟೆ,
ಇಸವಿ ೨೧೬೮, ಉರಿಗಾಲದ ನಾಲ್ಕನೆಯ ತಿಂಗಳು

ಕೈಯಿಂದ ರೊಟ್ಟಿ ಬಡಿಯುವ ಕಾಲದ ಹಿರಿಯರಿಗೆ, ಕಸ್ತೂರಿಯ ಶರಣು.

ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ಉರಿಗಾಲವೆಂದರೆ ನಿಮ್ಮ ಬೇಸಿಗೆಯೇ. ಈಗ ಅದು ಮಳೆಗಾಲದ ಅರ್ಧವನ್ನೂ ನುಂಗಿಕೊಂಡಿದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ರೊಟ್ಟಿಪೆಟ್ಟಿಗೆ ರಿಪೇರಿ ಮಾಡುವವಳು. ನಮ್ಮೂರಿನ ಪ್ರತಿ ಮನೆಯ ಗೋಡೆಯಲ್ಲೂ ಅಂಥದೊಂದು ಪೆಟ್ಟಿಗೆ ಇದೆ. ಬೆಳಗಿನ ಜಾವ ಅದರ ಬಾಯಿಗೆ ಬಿಲ್ಲೆ ಹಾಕಿದರೆ ಸಾಕು. ಬಿಲ್ಲೆ ಎಂದರೆ ಅಂಟು ಬೆರೆಸಿ ಒತ್ತಿದ ಜೋಳದ ಹಿಟ್ಟು, ದೂರದ ಕಾರ್ಖಾನೆಯಿಂದ ಬರುತ್ತದೆ. ಮುಖ ತೊಳೆದು ಬರುವಷ್ಟರಲ್ಲಿ ಒಂದೇ ಅಳತೆಯ, ಒಂದೇ ದಪ್ಪದ ರೊಟ್ಟಿಗಳು ಕೆಳಗಿನ ತಟ್ಟೆಯಲ್ಲಿ ಕೂತಿರುತ್ತವೆ. ಹತ್ತು ಗಂಟೆಯ ಹೊತ್ತಿಗೆ ಬೀದಿಯ ಮೇಲಿನ ಚಾವಣಿ ಮುಚ್ಚಿ ಎಲ್ಲರೂ ಒಳಸೇರುತ್ತೇವೆ. ಆ ಸೆಕೆಯಲ್ಲಿ ಮನೆಯೊಳಗೆ ಬೆಂಕಿ ಹೊತ್ತಿಸುವುದನ್ನು ನೆನೆಸಿಕೊಂಡರೇ ಮೈ ಬೆವರುತ್ತದೆ. ಪೆಟ್ಟಿಗೆಯನ್ನು ಬೈಯಲು ನಾನು ಬರೆಯುತ್ತಿಲ್ಲ. ನನ್ನ ಅತ್ತೆ ಸಂಕವ್ವನ ತಾಯಿ ದಿನಕ್ಕೆ ಅರವತ್ತು ರೊಟ್ಟಿ ಬಡಿದು, ನಡುವಯಸ್ಸಿಗೇ ಬೆನ್ನು ನೆಟ್ಟಗೆ ಮಾಡಲಾರದೆ ಹೋದವಳು.

ಸಂಕವ್ವ ಅದನ್ನೆಲ್ಲ ತಾಯಿಯಿಂದ ಕಲಿತಿದ್ದಳು. ನಾನು ಸೊಸೆಯಾಗಿ ಬಂದ ವರ್ಷ ಹಿತ್ತಲಿನಲ್ಲಿ ಅವಳ ಮಣ್ಣಿನ ಒಲೆ ಇನ್ನೂ ಇತ್ತು. ಅವಳು ತಂಗಿಯ ಊರಿಗೆ ಹೋಗಿದ್ದಾಗ ಅದನ್ನು ಕಿತ್ತು, ಆ ಜಾಗದಲ್ಲಿ ನನ್ನ ರಿಪೇರಿಯ ಮೇಜು ಹಾಕಿಕೊಂಡೆ. ತಿರುಗಿ ಬಂದವಳು ನೋಡಿದಳು, ಏನೂ ಅನ್ನಲಿಲ್ಲ. ಒಪ್ಪಿದಳೆಂದುಕೊಂಡು ಇಪ್ಪತ್ತು ವರ್ಷ ಕಳೆದೆ.

ಹೋದ ವರ್ಷ ಬಂದ ಬಿಲ್ಲೆಗಳ ತುಂಬ ಹಸಿರು ಬೂಷ್ಟು. ಕಾರ್ಖಾನೆಯೇ ಮುಚ್ಚಿತೆಂದು ಸುದ್ದಿ ಬಂತು. ಬೂಷ್ಟಿನ ವಾಸನೆಗೆ ಪೆಟ್ಟಿಗೆಗಳು ತಾವಾಗಿ ಬೀಗ ಹಾಕಿಕೊಂಡವು. ಊರಿನ ಕಾಳು ಕೂಡಿಡುವ ಬೀಜದ ಮನೆಯಲ್ಲಿ ಜೋಳವಿತ್ತು. ಊರಿನವರು ಅಂಬಲಿ ಕುಡಿದು ಇರಬಹುದಿತ್ತು. ಆದರೆ ನನ್ನ ಗಂಡ ಪರಪ್ಪ, ಇನ್ನೂ ಅರವತ್ತು ಜನರೊಂದಿಗೆ ಡೋಣಿ ನದಿಯ ಕಾಲುವೆ ಕೆಲಸಕ್ಕೆ ಹೋಗಿದ್ದ. ಅಲ್ಲಿಗೆ ಎಂಟು ದಿನಕ್ಕೊಮ್ಮೆ ಮಾತ್ರ ಗಾಡಿ. ಈ ಉರಿಯಲ್ಲಿ ಅಂಬಲಿ ಒಂದು ಬೆಳಗೂ ತಾಳದೆ ಹಳಸುತ್ತದೆ. ಮೊದಲ ಗಾಡಿಯಲ್ಲಿ ಕಳಿಸಿದ್ದನ್ನು ಉಂಡು ಹದಿನಾಲ್ಕು ಮಂದಿ ವಾಂತಿಭೇದಿಯಿಂದ ಮಲಗಿದರು. ಪರಪ್ಪ ಅವರಲ್ಲೊಬ್ಬ. ಎಂಟು ದಿನ ಕೆಡದೆ ಇರುವುದೆಂದರೆ ಒಣಗಿಸಿದ ಕಟಕ ರೊಟ್ಟಿ ಮಾತ್ರ.

ಯಂತ್ರದ ಒಳಹೊರಗೆಲ್ಲ ಬಲ್ಲ ನಾನು ಆ ಜೋಳ ಬೀಸಿ ಹಿಟ್ಟು ಕಲಸಲು ಕೂತೆ. ತಣ್ಣೀರು ಹಾಕಿ ನಾದಿದೆ. ಬಡಿದರೆ ಅಂಚೆಲ್ಲ ಬಿರಿಯಿತು, ಎತ್ತಿದರೆ ಕೈಯಲ್ಲೇ ಮುರಿದು ಬಿತ್ತು. ಸಂಜೆಯವರೆಗೆ ಒಂದೂ ಇಡಿಯಾಗಿ ಹಂಚು ಮುಟ್ಟಲಿಲ್ಲ. ಕೊನೆಗೆ ಅತ್ತೆಯ ಕೋಣೆಗೆ ಹೋಗಿ ನಿಂತೆ. ಎಂಬತ್ತನಾಲ್ಕರ ಅವಳ ಬಲಗೈ ಸದಾ ನಡುಗುತ್ತಿತ್ತು. ಒಲೆ ಕಿತ್ತದ್ದು ತಪ್ಪಾಯಿತೆಂದೆ. ಪೆಟ್ಟಿಗೆ ಅವಳಿಗೆ ಬೇಡವಾಗಿತ್ತೆಂದು ಈಗ ಗೊತ್ತಾಯಿತೆಂದೂ ಹೇಳಿದೆ.

“ಪೆಟಗಿ ಬ್ಯಾಡಂತ ನಾ ಯಾವಾಗ ಅಂದೀನಿ? ನನ್ನ ಒಂದು ಮಾತು ಕೇಳಲಾರದ ಒಲಿ ಕಿತ್ತಿಯಲ್ಲ, ಅದು ನೋವು ನನಗ,” ಅಂದಳು.

ನನ್ನ ಉತ್ತರಕ್ಕೆ ಅವಳು ಕಾಯಲಿಲ್ಲ. ಗೋಡೆ ಹಿಡಿದು ಎದ್ದು, ಹಿತ್ತಲಿಗೆ ಬಂದು, ಮೂರು ಕಲ್ಲು ಇಡಿಸಿದಳು. ನೀರು ಕುದಿಸಬೇಕು, ಆ ಎಸರನ್ನು ಹಿಟ್ಟಿನ ನಡುವೆ ಸುರಿಯಬೇಕು ಎಂಬುದು ನನಗೆ ಗೊತ್ತಾದದ್ದು ಆಗಲೇ. ಎಷ್ಟು ಹಿಟ್ಟಿಗೆ ಎಷ್ಟು ನೀರು, ಎಷ್ಟು ನಿಮಿಷ ನಾದುವುದು ಎಂದು ನಾನು ಬರೆದುಕೊಳ್ಳಲು ಹೊರಟೆ.

“ಅದು ಬಾಯಿಲೆ ಹೇಳಾಕ ಬರೂದುಲ್ಲವ್ವಾ. ಕೈ ಕೊಡಿಲ್ಲಿ,” ಅಂದಳು.

ನನ್ನ ಕೈಯ ಮೇಲೆ ತನ್ನ ನಡುಗುವ ಕೈಯಿಟ್ಟು ನಾದಿಸಿದಳು. ಹಿಟ್ಟು ಸಾಕೆಂದಾಗ ಅವಳ ಬೆರಳು ಒತ್ತುವುದನ್ನು ನಿಲ್ಲಿಸುತ್ತಿತ್ತು, ಅಷ್ಟೇ ಗುರುತು. ಮೂರನೆಯ ದಿನ ನನ್ನದೊಂದು ರೊಟ್ಟಿ ಹಂಚಿನ ಮೇಲೆ ಉಬ್ಬಿತು. ನನಗೆ ಅಳು ಬಂತು, ಅವಳು ಅಳದೆ ಇನ್ನೊಂದು ಉಂಡೆ ಮುಂದೆ ತಳ್ಳಿದಳು. ಶಾಲೆಯ ಅಂಗಳದಲ್ಲಿ ನಲವತ್ತು ಮಂದಿ, ಹೆಂಗಸರೂ ಗಂಡಸರೂ, ನನ್ನಿಂದ ಕಲಿತರು. ಮುಂದಿನ ಗಾಡಿಗೆ ರೊಟ್ಟಿ ಸಾಲಲಿಲ್ಲ, ಅದರ ಮುಂದಿನದಕ್ಕೆ ಸಾಕಾಯಿತು. ಪರಪ್ಪ ಸೊರಗಿ ಬಂದ, ಆದರೆ ಬಂದ. ಮಲಗಿದವರಲ್ಲಿ ಇಬ್ಬರು ಬರಲಿಲ್ಲ.

ಕಾರ್ಖಾನೆ ಮತ್ತೆ ತೆರೆದು ಹೊಸ ಬಿಲ್ಲೆಗಳು ಬಂದ ದಿನವೇ ಊರೆಲ್ಲ ಪೆಟ್ಟಿಗೆಗೆ ಮರಳಿತು. ನಾನೂ ಮರಳಿದೆ. ಮುಂದಿನ ವಾರ ಅಂಗಳಕ್ಕೆ ಬಂದವರು ಐದೇ ಜನ, ಆಮೇಲೆ ಯಾರೂ ಇಲ್ಲ. ಚಳಿಗಾಲದಲ್ಲಿ ಸಂಕವ್ವ ತೀರಿಕೊಂಡಳು.

ಈಗ ನನ್ನ ಭಯವನ್ನು ಹೇಳುತ್ತೇನೆ. ಮತ್ತೆ ಇಂಥ ಹೊತ್ತು ಬಂದರೆ ಬೀಸುವ ಗೋಜು ಬೇಡವೆಂದು, ಉಳಿದ ಜೋಳವನ್ನೆಲ್ಲ ಬೀಸಿಸಿ ಹಿಟ್ಟು ಮಾಡಿಡಿರೆಂದು ಪಂಚಾಯ್ತಿಗೆ ಸಲಹೆ ಕೊಟ್ಟವಳು ನಾನು. ಎಲ್ಲರೂ ಮೆಚ್ಚಿದರು. ಮೊನ್ನೆ ಬಂದ ಬಿಲ್ಲೆಗಳಲ್ಲಿ ಮತ್ತೆ ಹಸಿರು ಕಂಡಿತು. ನಿನ್ನೆಯಿಂದ ಪೆಟ್ಟಿಗೆಗಳು ಬೀಗ ಹಾಕಿಕೊಂಡಿವೆ. ಕಾಲುವೆಯಲ್ಲಿ ಈ ಸಲ ತೊಂಬತ್ತು ಜನ. ಬೀಜದ ಮನೆಯ ಹಿಟ್ಟು ತಂದು ಸಂಕವ್ವ ಕಲಿಸಿದಂತೆಯೇ ಎಸರು ಸುರಿದೆ, ನಾದಿದೆ. ಬಿರಿಯಿತು. ಮತ್ತೆ ನಾದಿದೆ, ಮತ್ತೆ ಬಿರಿಯಿತು. ಬೀಸಿ ಎಂಟು ತಿಂಗಳಾದ ಹಿಟ್ಟು ಅದು, ಹೊಸದಾಗಿ ಬೀಸಲು ಊರಿನಲ್ಲಿ ಜೋಳ ಉಳಿದಿಲ್ಲ. ಹಿಟ್ಟಿಗೂ ಮುಪ್ಪು ಬಂದು ಜಿಗುಟು ಹೋಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಸಂಕವ್ವನನ್ನು ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಇದನ್ನು ಬಲ್ಲವರು ಇದ್ದಾರೆ. ಯಂತ್ರ ಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಆದರೆ ಇವತ್ತೇ ಅವರ ಪಕ್ಕ ಕೂತು, ಅವರ ಕೈ ಕೆಳಗೆ ನಿಮ್ಮ ಕೈಯಿಟ್ಟು, ಹಳೆಯ ಹಿಟ್ಟನ್ನು ಹೇಗೆ ಹದಕ್ಕೆ ತರುತ್ತಾರೆಂದು ಕೇಳಿ. ಅವರು ಹೇಳಿದ್ದನ್ನು ಎಲ್ಲಾದರೂ ಬರೆದಿಡಿ, ಕಲ್ಲಿನ ಮೇಲಾದರೂ ಸರಿ. ನಾವು ಹುಡುಕುತ್ತೇವೆ. ನಾಡಿದ್ದು ಗಾಡಿ ಹೊರಡುತ್ತದೆ.

ನಿಮ್ಮವಳು,
ಕಸ್ತೂರಿ