ಎಲೆಚೀಲದ ಕೊಕ್ಕೆ

ಸವಳಂಗ
೧೪-೧೧-೨೦೨೪, ಗುರುವಾರ

ಜಗಳೂರಿನಲ್ಲಿ ಮಗಳ ಮನೆ ಸೇರಿಕೊಂಡಿರುವ ನಮ್ಮ ಮನೆಯವರಿಗೆ, ಸವಳಂಗದಲ್ಲಿ ಇನ್ನೂ ಇರುವ ಕರಿಬಸಮ್ಮ ಬರೆಯುವುದು.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವುದಿಲ್ಲ. ಅದು ಹೇಗಿದೆ ಎಂದು ನಿಮ್ಮ ಚೀಲವೇ ಹೇಳಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳ ಅಕ್ಷರ, ಓದಲು ಕಷ್ಟವಾದರೆ ಆಗಲಿ. ಫೋನು ಮಾಡಬಹುದಿತ್ತು. ಮಾಡಿದರೆ ಮಗಳು ಅಂಬಿಕಾ ಎತ್ತುತ್ತಾಳೆ, ಸ್ಪೀಕರ್ ಹಾಕುತ್ತಾಳೆ, ನೀವು ಪಕ್ಕದಲ್ಲಿ ಕೂತು ಕೆಮ್ಮುತ್ತೀರಿ. ಐದು ವರ್ಷದಿಂದ ನಿಮ್ಮ ಕೆಮ್ಮನ್ನಷ್ಟೇ ಕೇಳಿದ್ದೇನೆ. ಅದಕ್ಕೇ ಈ ಕಾಗದ. ಎಡಗಡೆ ಚೀಲದ ಒಳಜೇಬಿನಲ್ಲಿ, ನೀವು ಕತ್ತರಿ ಇಟ್ಟುಕೊಳ್ಳುವ ಕಡೆ ಇಟ್ಟಿರುತ್ತೇನೆ. ಅಲ್ಲಿಗೆ ನಿಮ್ಮದಲ್ಲದೆ ಬೇರೆ ಕೈ ಹೋಗುವುದಿಲ್ಲ.

ಹೋದ ವಾರ ಮಂಗಳವಾರ ದಾವಣಗೆರೆ ಬಸ್ಸಿನ ಕಂಡಕ್ಟರು ನಿಮ್ಮ ಸೈಕಲ್ಲಿನ ವೀಳ್ಯದೆಲೆ ಚೀಲ ಎರಡನ್ನೂ ಇಲ್ಲಿ ಇಳಿಸಿ ಹೋದ. ಒಂದಕ್ಕೆ ಮಗಳು ಚೀಟಿ ಚುಚ್ಚಿದ್ದಳು. ಕೊಕ್ಕೆ ಕಿತ್ತುಹೋಗಿವೆ, ಇಲ್ಲಿ ಯಾರ ಕೈಲೂ ಆಗಲಿಲ್ಲ, ಮಾಡಿಕೊಡಮ್ಮ ಎಂದು. ನಿಮ್ಮ ಒಂದು ಮಾತಿಲ್ಲ. ನಾನು ಎರಡು ಭುಜಕ್ಕೆ ಎರಡು ಚೀಲ ನೇತುಹಾಕಿಕೊಂಡು ಮನೆಗೆ ಬರುವಾಗ ಎದುರುಮನೆ ಉಡಚಮ್ಮ ಕಟ್ಟೆ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು.

“ಏನಕ್ಕಾ, ಗಂಡ ಬರ್ತಾನೆ ಅಂತ ಕಾದ್ರೆ ಗಂಡನ ಚೀಲ ಬಂದೈತಲ್ಲ” ಅಂದಳು.

“ಚೀಲನೇ ವಾಸಿ ಬಿಡವ್ವ, ಸುಳ್ಳು ಹೇಳಾಕೆ ಅದಕ್ಕೆ ಬಾಯಿಲ್ಲ” ಅಂದೆ.

ಅವಳು ನಕ್ಕಳು. ನಾನು ನಗಲಿಲ್ಲ.

ಸಂತೇಬೆನ್ನೂರು ಸಂತೆಯಲ್ಲಿ ಹಳೇ ಸಾಮಾನಿನ ರಾಶಿಯಿಂದ ಆ ಚೀಲ ಆರಿಸಿದ್ದು ನಾನು. ನಿಮಗೆ ನೆನಪಿರಲಿಕ್ಕಿಲ್ಲ. ಕ್ಯಾನ್ವಾಸು ಗಟ್ಟಿ ಇತ್ತು, ಕೊಕ್ಕೆ ಮಾತ್ರ ಯಾವುದೋ ಬೇರೆ ಸೈಕಲ್ಲಿನದು. ನಮ್ಮ ಕ್ಯಾರಿಯರಿನ ಸರಳಿಗೆ ಸಡಿಲವಾಗಿ ಗಡಗಡ ಅನ್ನುತ್ತಿತ್ತು. ಇದು ಆಗೋದಲ್ಲ, ಬಿಡು ಅಂದವರು ನೀವು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪು ಇಟ್ಟಿದ್ದ ದುರುಗಪ್ಪನ ಮಗಳು ನಾನು. ಸ್ಲೇಟು ಬಿಡಿಸಿ ಅಪ್ಪ ನನ್ನ ಕೈಗೆ ಕೊಟ್ಟದ್ದೇ ಸ್ಪ್ಯಾನರು. ಬಾಂಡಲೆಯ ಮುರಿದ ಹಿಡಿಕೆ ಕಾಯಿಸಿ, ಬಗ್ಗಿಸಿ, ನಾಲ್ಕು ಕೊಕ್ಕೆ ಮಾಡಿದೆ. ಸವೆಯದಿರಲಿ ಎಂದು ಒಳಗೆ ಟ್ಯೂಬಿನ ರಬ್ಬರು ಕೊಟ್ಟೆ. ಬರೀ ವಾಷರ್ ಹಾಕಿದರೆ ಭಾರಕ್ಕೆ ಬಟ್ಟೆ ಹರಿಯುತ್ತದೆಂದು ಹಿಂದೆ ಉದ್ದಕ್ಕೆ ತಗಡಿನ ಪಟ್ಟಿ ಕೊಟ್ಟೆ. ವೀಳ್ಯದೆಲೆ ಹರಿಯಬಾರದೆಂದು ಬೋಲ್ಟಿನ ತಲೆ ಒಳಕ್ಕೆ, ನಟ್ಟು ಹೊರಕ್ಕೆ. ಒದ್ದೆ ಎಲೆಯ ನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ವರ್ಷಕ್ಕೆರಡು ಸಲ ಬಿಚ್ಚಿ, ಉಜ್ಜಿ, ಎಣ್ಣೆ ಸವರಿ ಮತ್ತೆ ಹಾಕಿದವಳೂ ನಾನೇ. ನೀವು ಬೆಳಗ್ಗೆ ಎದ್ದು ಚೀಲ ತುಂಬಿ, ನ್ಯಾಮತಿ ದಾಟಿ ಹೊನ್ನಾಳಿಯವರೆಗೆ ಅಂಗಡಿ ಅಂಗಡಿಗೆ ಎಲೆ ಹಾಕಿ ಬರುತ್ತಿದ್ದಿರಿ. ದಾರಿಯಲ್ಲಿ ಒಂದು ದಿನ ಚೀಲ ಬಿದ್ದದ್ದಿಲ್ಲ.

ಬಿದ್ದದ್ದು ನಾನು ಬೀಳಿಸಿದ ದಿನ.

ಕಣ್ಣು ತೋರಿಸಿಕೊಳ್ಳಲು ಹೊನ್ನಾಳಿಗೆ ಬಂದವಳು ಮುರುಗೇಶಪ್ಪನ ಬೀಡಾ ಅಂಗಡಿ ಮುಂದೆ ನಿಮ್ಮನ್ನು ಕಂಡು ನಿಂತೆ. ಆ ಪುಣ್ಯಾತ್ಮ ಒಳ್ಳೇ ಮಾತೇ ಆಡಿದ. “ಯಜಮಾನ್ರ ಕೈ ಅಂದ್ರೆ ಕೈ ಕಣಮ್ಮ. ಹದಿನೈದು ವರ್ಷ ಆತು, ಒಂದು ಕೊಕ್ಕೆ ಅಲ್ಲಾಡಿಲ್ಲ. ಎಲ್ಲಿ ಕಲ್ತ್ರಿ ಅಂದ್ರೆ, ಹುಟ್ಟಿದಾಗಿಂದ ಬಂದಿದ್ದು ಅಂತಾರೆ.”

ನೀವು ಎಲೆ ಎಣಿಸುತ್ತಿದ್ದಿರಿ. ತಲೆ ಎತ್ತಲಿಲ್ಲ. ನಾನು ಕಾದೆ. ಇವಳು ಮಾಡಿದ್ದು ಅಂತ ಒಂದು ಮಾತು ಅನ್ನುತ್ತೀರಿ ಎಂದು, ಮುರುಗೇಶಪ್ಪ ಒಂದು ಬೀಡಾ ಕಟ್ಟಿ ಗಿರಾಕಿಗೆ ಕೊಡುವಷ್ಟು ಹೊತ್ತು ಕಾದೆ. ನೀವು ಎಣಿಕೆ ತಪ್ಪಿ ಮತ್ತೆ ಮೊದಲಿಂದ ಎಣಿಸಲು ಶುರುಮಾಡಿದಿರಿ.

ಸೈಕಲ್ಲಿನ ಸೀಟಿನ ಕೆಳಗಿನ ಸ್ಪ್ಯಾನರು ತೆಗೆದು ನಾಲ್ಕೂ ನಟ್ಟು ಬಿಚ್ಚಿದೆ. ಚೀಲ ಎರಡೂ ರಸ್ತೆಗೆ ಬಿದ್ದವು. ಎಲೆ ಚೆಲ್ಲಿತು. ಒಂದು ಆಟೋ ಅದರ ಮೇಲೇ ಹೋಯಿತು. “ಹುಟ್ಟಿದಾಗಿಂದ ಬಂದಿದ್ದಲ್ವಾ, ಈಗ ಹಾಕ್ರಿ ನೋಡಾಣ” ಅಂದೆ. ಜನ ನಕ್ಕರು. ನೀವು ಒಂದು ಕಟ್ಟು ಎಲೆ ಕೈಲಿ ಹಿಡಿದು ಹಾಗೇ ನಿಂತಿದ್ದಿರಿ. ಮುಂದಿನ ವಾರ ದೀಪಾವಳಿಗೆ ಮಗಳ ಮನೆಗೆ ಎಂದು ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದವರು, ಐದು ದೀಪಾವಳಿ ಆದರೂ ಈ ಕಡೆ ಮುಖ ಮಾಡಲಿಲ್ಲ.

ಅಂದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ನೀವು ನನ್ನನ್ನು ಹೊಡೆದವರಲ್ಲ, ಕುಡಿದವರಲ್ಲ, ಊರೆಲ್ಲ ನಿಮ್ಮನ್ನು ದೇವರಂಥವರು ಅನ್ನುತ್ತದೆ. ನಾನು ಇನ್ನೇನು ಕೇಳಿದ್ದೆ? ಸೀರೆ ಕೇಳಲಿಲ್ಲ, ಓಲೆ ಕೇಳಲಿಲ್ಲ. ನಾನು ಮಾಡಿದ್ದನ್ನು ಇವಳು ಮಾಡಿದ್ದು ಅಂದಿದ್ದರೆ ನಿಮ್ಮ ಮೀಸೆಗೆ ಏನಾಗುತ್ತಿತ್ತು? ಹೆಂಗಸಿನ ಕೈಯ ಸುತ್ತಿಗೆ ಕೆಲಸ ಅಂದರೆ ಅಂಗಡಿಯವರು ಎಲೆ ಕೊಳ್ಳುತ್ತಿರಲಿಲ್ಲವೇ?

ಈಗ ಚೀಲದ ಮಾತು.

ಬಂದ ದಿನ ಕೊಕ್ಕೆ ಮುಟ್ಟಲಿಲ್ಲ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಾ ಕೂತೆ. ಐದು ವರ್ಷ ನಟ್ಟೇ ಹಾಕಿಲ್ಲ. ನಟ್ಟಿನ ಜಾಗದಲ್ಲಿ ಕಟ್ಟಡದವರು ಕಂಬಿ ಬಿಗಿಯುವ ತಂತಿ ಸುತ್ತಿದ್ದೀರಿ. ಜಗಳೂರಿನಲ್ಲಿ ನಟ್ಟು ಸಿಗುವುದಿಲ್ಲವೇ? ಸಿಗುತ್ತದೆ. ನೀವು ಕೊಳ್ಳಲಿಲ್ಲ. ನಾನು ಅವತ್ತು ಆ ನಾಲ್ಕು ನಟ್ಟು ಸೆರಗಿಗೆ ಕಟ್ಟಿಕೊಂಡು ಬಂದಿದ್ದೆನಲ್ಲ, ಅವೇ ಬೇಕು, ಇಲ್ಲದಿದ್ದರೆ ಬೇಡ ಎಂಬ ಹಟ. ನಿಮ್ಮ ಹಟ ನಿಮ್ಮ ಸುಳ್ಳಿಗಿಂತ ವಾಸಿ. ನಟ್ಟು ನನ್ನ ಸಾಸಿವೆ ಡಬ್ಬಿಯಲ್ಲೇ ಇವೆ. ಒಗ್ಗರಣೆ ಹಾಕುವಾಗಲೆಲ್ಲ ಕೈಗೆ ಸಿಗುತ್ತವೆ.

ಆಮೇಲೆ ಬಟ್ಟೆ ನೋಡಿದೆ. ನೀವು ಸೈಕಲ್ ತುಳಿಯುವಾಗ ಹಿಮ್ಮಡಿ ತಾಗಿ ಚೀಲದ ಮುಂದಿನ ಮೂಲೆ ಕರ್ರಗಾಗುತ್ತಿತ್ತು. ಎಷ್ಟು ಸಲ ತೇಪೆ ಹಾಕಿಲ್ಲ ಅಲ್ಲಿಗೆ. ಈಗ ಆ ಮೂಲೆಯಲ್ಲಿ ಬರೀ ಧೂಳು. ಸವೆದಿರುವುದು ಎಡಚೀಲದ ಹೊರಮೈ, ಮೊಣಕಾಲಿನ ಎತ್ತರಕ್ಕೆ. ಸೈಕಲ್ಲನ್ನು ತಳ್ಳಿಕೊಂಡು ನಡೆಯುವವರ ಕಾಲು ಉಜ್ಜುವ ಜಾಗ ಅದು. ಬಲಗಡೆ ಕೊಕ್ಕೆ ಎರಡೂ ಒಳಕ್ಕೆ ಬಾಗಿವೆ. ಸೈಕಲ್ಲು ನಿಮ್ಮ ಕೈ ತಪ್ಪಿ ಆ ಕಡೆಗೆ ಬಿದ್ದಿದೆ, ಒಂದು ಸಲವಲ್ಲ. ಆಗ ಬೈದುಕೊಂಡೆ. ಮುದಿಯನಿಗೆ ತುಳಿಯಲು ಮೈಗಳ್ಳತನ, ಹಿಡಿಯಲು ಮೈಮರೆವು ಎಂದು.

ಕೊನೆಗೆ ಚೀಲದ ಬಾಯಿಗೆ ಕಟ್ಟಿದ ಲಾಡಿ ಬಿಚ್ಚಲು ಹೋದೆ. ಗಂಟಿನ ಎರಡೂ ಕಡೆ ಹಲ್ಲಿನ ಗುರುತು. ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಲಿ ಎಳೆದು ಕಟ್ಟಿದ ಗಂಟು. ಮೇಲಿನ ಸಾಲಿನಲ್ಲಿ ಒಂದು ಹಲ್ಲಿನ ಜಾಗ ಖಾಲಿ. ಆ ಬಾಯಿ ನನಗೆ ಗೊತ್ತಿಲ್ಲವೇ? ಎರಡು ಕೈ ನೆಟ್ಟಗಿರುವವರು ಹಲ್ಲಿನಲ್ಲಿ ಯಾಕೆ ಗಂಟು ಹಾಕುತ್ತಾರೆ?

ಬಲಗೈ. ಯಾವಾಗಿಂದ ಎಂದು ಕೇಳುವುದಿಲ್ಲ. ಲಕ್ವ ಹೊಡೆದು ತಿಂಗಳುಗಳೇ ಆಗಿರಬೇಕು, ಗಂಟಿನ ಮೇಲೆ ಗಂಟು ಅಷ್ಟಿದ್ದವು. ಅವತ್ತೇ ಅಂಬಿಕಾಗೆ ಫೋನು ಮಾಡಿ ನಿಮ್ಮ ಆರೋಗ್ಯ ಕೇಳಿದೆ. “ಅಪ್ಪ ಹುಷಾರಾಗೈತೆ ಕಣಮ್ಮ” ಅಂದಳು. ನೀವು ಕೆಮ್ಮಲೂ ಇಲ್ಲ. ಮಗಳಿಗೂ ನಿಮ್ಮ ವಿದ್ಯೆಯನ್ನೇ ಕಲಿಸಿದ್ದೀರಿ.

ನನ್ನ ಬಾಯಿಗೆ ಹೆದರಿ ಮುಚ್ಚಿಟ್ಟಿರಿ. ಹೆದರಿದ್ದು ಸರಿಯೇ. ಸುಳ್ಳು ಹೊತ್ತ ಕೈ, ಅದಕ್ಕೇ ಬಿತ್ತು ಅನ್ನುತ್ತಿದ್ದೆ. ಅಂದು ಮುಗಿಸಿ ಆಮೇಲೆ ಜಗಳೂರಿನ ಬಸ್ಸು ಹತ್ತುತ್ತಿದ್ದೆ. ನೀವು ಮೊದಲರ್ಧ ಮಾತ್ರ ಲೆಕ್ಕಕ್ಕೆ ಹಿಡಿದಿರಿ.

ಕೆಲಸದ ವಿಷಯ ಓದಿಕೊಳ್ಳಿ. ಹಳೇ ಕೊಕ್ಕೆ ಹಾಕಿಲ್ಲ. ಅವಕ್ಕೆ ಎರಡು ಕೈ ಬೇಕು, ಒಂದು ಕೈ ಚೀಲ ಎತ್ತಿ ಹಿಡಿಯಬೇಕು, ಇನ್ನೊಂದು ಕೊಕ್ಕೆ ಸಿಕ್ಕಿಸಬೇಕು. ಹೊಸ ಕೊಕ್ಕೆಯ ಬಾಯಿಗೆ ಒಂದೊಂದು ಕಬ್ಬಿಣದ ನಾಲಿಗೆ ಇದೆ, ಬ್ರೇಕಿನ ಸ್ಪ್ರಿಂಗಿನಿಂದ ಅದು ತಾನೇ ಮುಚ್ಚಿಕೊಂಡಿರುತ್ತದೆ. ಚೀಲದ ನಡುವಿನ ಹಿಡಿಕೆಯಿಂದ ಎರಡು ನಾಲಿಗೆಗೂ ಕ್ಯಾನ್ವಾಸಿನ ಪಟ್ಟಿ ಕಟ್ಟಿದ್ದೇನೆ. ಹಿಡಿಕೆ ಹಿಡಿದು ಎತ್ತಿದರೆ ಎರಡೂ ಬಾಯಿ ತೆರೆಯುತ್ತವೆ. ಸರಳಿನ ಮೇಲೆ ಇಟ್ಟು ಕೈ ಬಿಟ್ಟರೆ ಕಚ್ಚಿಕೊಳ್ಳುತ್ತವೆ. ಒಂದೇ ಕೈ ಸಾಕು, ಎಡಗೈಯಾದರೂ ಸರಿ. ತಳ್ಳುವಾಗ ಬಲಕ್ಕೆ ಬೀಳದಿರಲು ಎಲೆಯ ಭಾರವನ್ನು ಎಡಚೀಲಕ್ಕೆ ಹೆಚ್ಚು ಹಾಕಿ, ಬಲಕ್ಕೆ ಕಡಿಮೆ. ಇದನ್ನೂ ನಾನೇ ಹೇಳಬೇಕಾಯಿತು.

ನೋಡದೆ ಕೊಡುವವಳು ನಾನಲ್ಲ. ಪಕ್ಕದ ಮನೆಯ ಸೈಕಲ್ಲು ತರಿಸಿ, ಚೀಲಕ್ಕೆ ಭತ್ತ ತುಂಬಿ, ಬಲಗೈಯನ್ನು ಸೆರಗಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡು ಇಡೀ ದಿನ ಹಾಕಿ ತೆಗೆದು ಮಾಡಿದೆ. ಮೊದಲ ಸ್ಪ್ರಿಂಗು ಬಿಗಿಯಾಯಿತು, ಬದಲಾಯಿಸಿದೆ. ಉಡಚಮ್ಮ ಬಂದು, ಇದೇನು ಅವತಾರ ಅಂದಳು. ಕೈ ನೋವು ಅಂದೆ. ಆ ಒಂದು ಸುಳ್ಳು ಹೇಳುವಾಗ ನೀವು ಹದಿನೈದು ವರ್ಷ ಎಷ್ಟು ಸಲೀಸಾಗಿ ಹೇಳಿದ್ದೀರಿ ಎಂದು ಗೊತ್ತಾಯಿತು.

ನಾನೂ ಒಂದು ಮಾತು ಮುಚ್ಚಿಟ್ಟಿದ್ದೇನೆ. ಅವತ್ತು ಹೊನ್ನಾಳಿಯಿಂದ ಸೀದಾ ಬಸ್ಸು ಹತ್ತಿ ಮನೆಗೆ ಬಂದೆ ಎಂದು ಎಲ್ಲರಿಗೂ ಹೇಳಿದ್ದೇನೆ. ಹತ್ತಿದ್ದು ನಿಜ. ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸು ನಡೆದೆ, ಸ್ಪ್ಯಾನರು ಕೈಯಲ್ಲೇ ಇತ್ತು, ನಟ್ಟು ಸೆರಗಿನಲ್ಲಿ. ಬರುವಷ್ಟರಲ್ಲಿ ನೀವು ಇರಲಿಲ್ಲ. ರಸ್ತೆಯಲ್ಲಿ ಒದ್ದೆ ಮಾತ್ರ ಇತ್ತು, ಒಂದು ಎಲೆ ಇರಲಿಲ್ಲ. ಆಟೋ ಹರಿದದ್ದನ್ನೂ ಬಿಡದೆ ಆರಿಸಿಕೊಂಡು ಹೋಗಿದ್ದಿರಿ. ಅಲ್ಲಿ ನಿಂತಿದ್ದು ಹೆಚ್ಚು ಹೊತ್ತಲ್ಲ. ಮುರುಗೇಶಪ್ಪ ನನ್ನನ್ನು ನೋಡಿದ, ನಾನು ತಿರುಗಿಕೊಂಡೆ. ಅವನು ನಿಮಗೆ ಹೇಳಿರುತ್ತಾನೆ ಎಂದು ಐದು ವರ್ಷ ಅಂದುಕೊಂಡಿದ್ದೆ. ಹೇಳಿದ್ದರೆ ನೀವು ತಂತಿ ಸುತ್ತುತ್ತಿರಲಿಲ್ಲ.

ಮೊಮ್ಮಗಳು ಧನುಶ್ರೀಗೆ ಅವಳ ಅಜ್ಜಿ ಕೇಳಿದಳೆಂದು ಹೇಳಿ. ನೀವು ಹುಷಾರಾಗಿರಿ ಅಂತ ಬರೆಯುವುದಿಲ್ಲ, ಆ ಮಾತು ಸವೆದುಹೋಗಿದೆ.

ಇಂತಿ,
ನಿಮ್ಮ ಕೈಹಿಡಿದವಳು, ಕೈ ಬಿಟ್ಟವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ,
ಕರಿಬಸಮ್ಮ

ಕಾಗದ ಮಡಚಿದ ಮೇಲೆ ಬರೆದದ್ದು: ಕೊಕ್ಕೆ ಸೇರಿಸುವ ತಗಡಿನ ಪಟ್ಟಿಯನ್ನು ಈ ಸಲ ಹಿಂದೆ ಮುಚ್ಚಿ ಹಾಕಿಲ್ಲ. ಚೀಲದ ಬಾಯಿಯ ಅಂಚಿಗೆ ಮಡಚಿ, ಎಲೆ ಕೊಳ್ಳಲು ಬಗ್ಗಿದವರಿಗೆ ಕಾಣುವಂತೆ ಹಾಕಿದ್ದೇನೆ. ಅದರ ಮೇಲೆ ಮೊಳೆಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿ ಬರೆದಿದ್ದೇನೆ, ಕರಿಬಸಮ್ಮ ಮಾಡಿದ್ದು ಎಂದು. ಅಕ್ಷರ ಸೊಟ್ಟ ಇವೆ, ಓದಬಹುದು. ಬಿಗಿದಿರುವುದು ಆ ಹಳೇ ನಾಲ್ಕು ನಟ್ಟುಗಳಿಂದಲೇ, ಸಾಸಿವೆ ಡಬ್ಬಿ ಈಗ ಹಗುರ. ನಾಚಿಕೆಯಾದರೆ ಬಿಚ್ಚಿ ತೆಗೆಯಿರಿ. ಬಿಚ್ಚಲು ಎರಡು ಕೈ ಬೇಕು. ನಿಮಗಿರುವುದು ಒಂದು. ಇನ್ನೊಂದು ಸವಳಂಗದಲ್ಲಿದೆ, ಅದನ್ನು ಬಾಯಿಬಿಟ್ಟು ಕೇಳಬೇಕು.